ಮನೆ ಬೈಬಲ್ಲೋ, ಪಿಂಚಣಿ ಫೈಲೋ: ಸೊಸೆಯ ಪೂರ್ವಜನ ಬೆನ್ನು ಹತ್ತಿದ ನಾಲ್ಕು ತಿಂಗಳು

ಮಗನ ಮನೆಗೆ ಅಂತ ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರ ಗತಿ ಗೊತ್ತೇ ಇದೆಯಲ್ಲ. ಅಕ್ಟೋಬರಿನಲ್ಲಿ ಕೆಂಪಾದ ಎಲೆ ನೋಡುವುದು, ಡಿಸೆಂಬರಿನಲ್ಲಿ ಹಿಮ ನೋಡುವುದು, ಆಮೇಲೆ ಸುಮ್ನೆ ಕಿಟಕಿ ನೋಡುತ್ತಾ ಕೂರುವುದು. ನಾನು ಧಾರವಾಡ ಜಿಲ್ಲೆಯಲ್ಲಿ ತಲಾಟಿಯಾಗಿ ಸೇರಿ ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ಸವೆದವನು. ಕೈಗೆ ಹಳೇ ಕಾಗದ ಸಿಗದಿದ್ದರೆ ಹೊತ್ತು ಹೋಗುವುದಿಲ್ಲ. ಸೊಸೆ ಕನೆಕ್ಟಿಕಟ್‌ನ ಹಳೇ ಮನೆತನದವಳು. ಒಂದು ದಿನ ಊಟಕ್ಕೆ ಬಂದಿದ್ದ ನಮ್ಮ ಬೀಗಿತಿ, ಅವರ ಪೂರ್ವಜರೊಬ್ಬರು ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿದ್ದರು, ಸೇನಾಪತಿ ಜಾರ್ಜ್ ವಾಷಿಂಗ್ಟನ್ ಜೊತೆ ಡೆಲವೇರ್ ನದಿ ದಾಟಿದ್ದರಂತೆ ಎಂದರು. ಆ "ಅಂತೆ" ಕಿವಿಗೆ ಬಿದ್ದದ್ದೇ ತಡ, ನನಗೆ ಕೆಲಸ ಸಿಕ್ಕಿತು.

ನಾಲ್ಕು ತಿಂಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಮನೆಯ ಬೈಬಲ್ಲು, ಆನ್‌ಲೈನ್ ವಂಶವೃಕ್ಷಗಳು, ಸೇನೆಯ ಸೇವಾ ಕಾರ್ಡುಗಳು, ಪಿಂಚಣಿ ಫೈಲು. ಅಮೆರಿಕದ ಸೊಸೆ, ಅಳಿಯ ಇರುವ ಮನೆಗಳು ಈಗ ಜಾಸ್ತಿ, ಮೊಮ್ಮಕ್ಕಳು ಶಾಲೆಯಿಂದ ವಂಶವೃಕ್ಷ ಬರೆಯಬೇಕು ಅಂತ ಬರುತ್ತಾರೆ, ಯಾರಿಗಾದರೂ ಬೇಕಾದೀತು ಅಂತ ಬರೆಯುತ್ತಿದ್ದೇನೆ. ಅವಸರದವರಿಗೆ ಮೊದಲೇ ಹೇಳಿಬಿಡುತ್ತೇನೆ: ಗೆದ್ದಿದ್ದು ಪಿಂಚಣಿ ಫೈಲು. ಆದರೆ ಅದೊಂದನ್ನೇ ನಂಬಿ ಕೂತಿದ್ದರೆ ಯಾರೋ ಬೇರೆಯವನನ್ನು ನನ್ನ ಮೊಮ್ಮಗಳಿಗೆ ಪೂರ್ವಜ ಮಾಡಿಬಿಡುತ್ತಿದ್ದೆ.

ಮೊದಲು ಬೈಬಲ್ಲು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ನಿಮ್ಮ ಏಳು ತಲೆಮಾರಿನ ಹೆಸರು ಓದಿ ಕಾಳು ಹಾಕಿಸಿಕೊಂಡು ಹೋಗುತ್ತಾರಲ್ಲ, ಇಲ್ಲಿ ಆ ಕೆಲಸವನ್ನು ಬೈಬಲ್ಲೇ ಮಾಡುತ್ತಿತ್ತು. ಹಳೆ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಖಾಲಿ ಹಾಳೆಗಳಿರುತ್ತಿದ್ದವು. ಮದುವೆ, ಹುಟ್ಟು, ಸಾವು ಎಲ್ಲವನ್ನೂ ಅಲ್ಲಿ ಬರೆದಿಡುತ್ತಿದ್ದರು. ಬೀಗಿತಿ ಅದನ್ನು ದಿಂಬಿನ ಕವರಿನಲ್ಲಿ ಸುತ್ತಿಕೊಂಡು ತಂದರು. ಒಂಬತ್ತು ಮಕ್ಕಳ ಹೆಸರು ಸಾಲಾಗಿ ಇತ್ತು, ಅದರಲ್ಲಿ ಇಬ್ಬರು ಕೂಸಾಗಿದ್ದಾಗಲೇ ಹೋದವರು. ಈ ಇಬ್ಬರ ಹೆಸರು ನನಗೆ ಬೇರೆಲ್ಲೂ ಸಿಗಲಿಲ್ಲ. ಯಾಕೆಂದರೆ ಅಮೆರಿಕದ ಜನಗಣತಿ 1790ರಲ್ಲೇ ಶುರುವಾದರೂ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು, ಉಳಿದವರೆಲ್ಲ ವಯಸ್ಸಿನ ಕಾಲಮ್ಮಿನಲ್ಲಿ ಒಂದೊಂದು ಅಂಕಿ. ಮನೆಯವರೆಲ್ಲರ ಹೆಸರು ಬಂದದ್ದು 1850ರಲ್ಲಿ, ಅದೂ ಗುಲಾಮರಲ್ಲದವರದ್ದು ಮಾತ್ರ. ಹಾಗಾಗಿ ಹೆಂಡತಿ ಮಕ್ಕಳ ವಿಷಯಕ್ಕೆ ಬೈಬಲ್ಲನ್ನು ಮೀರಿಸಿದ್ದಿಲ್ಲ.

ಆದರೆ ನನಗೆ ಅಲ್ಲೇ ಒಂದು ಅನುಮಾನ ಹತ್ತಿತು. 1761ರಲ್ಲಿ ಆ ಪೂರ್ವಜ ಹುಟ್ಟಿದ್ದರಿಂದ ಹಿಡಿದು 1840ರವರೆಗೆ ಎಲ್ಲವೂ ಒಂದೇ ಕೈಬರಹ. ಒಂದೇ ಶಾಯಿ, ಒಂದೇ ದಪ್ಪದ ನಿಬ್ಬು. ಎಂಬತ್ತು ವರ್ಷದ ನಮೂದುಗಳು ಒಂದೇ ಮಧ್ಯಾಹ್ನ ಬರೆದ ಹಾಗೆ ಕಾಣುತ್ತಿದ್ದವು. ಇಂಥ ರಿಜಿಸ್ಟರು ನೋಡಿದರೆ ತಹಶೀಲ್ದಾರರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ಮುಖಪುಟ ತಿರುಗಿಸಿದೆ. ಪುಸ್ತಕ ಅಚ್ಚಾದದ್ದೇ 1846ರಲ್ಲಿ! ಅಂದರೆ ಇದು ಮೂಲ ಅಲ್ಲ, ನಕಲು. ಯಾವುದನ್ನು ನೋಡಿ ನಕಲು ಮಾಡಿದರು, ಮಾಡುವಾಗ ಏನು ಬಿಟ್ಟರು, ಏನು ತಿದ್ದಿದರು? ಬೀಗಿತಿಯ ಮುಂದೆ ಬಾಯಿ ಬಿಡಲಿಲ್ಲ.

ಆನ್‌ಲೈನ್ ವಂಶವೃಕ್ಷಗಳ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ. ಎರಡು ಥರ ಇವೆ. ಮಾರ್ಮನ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್‌ನಲ್ಲಿ ಇಡೀ ಲೋಕಕ್ಕೆ ಒಂದೇ ಮರ, ಯಾರು ಬೇಕಾದರೂ ತಿದ್ದಬಹುದು, ದುಡ್ಡಿಲ್ಲ. ಇನ್ನು ಆನ್ಸೆಸ್ಟ್ರಿಯಂಥ ಕಡೆ ಸೇರಿದವರು ಒಬ್ಬೊಬ್ಬರೂ ಅವರವರ ಮರ ಕಟ್ಟುತ್ತಾರೆ. ನಮ್ಮವನು ಹನ್ನೊಂದು ಮರಗಳಲ್ಲಿ ಸಿಕ್ಕ, ಎಲ್ಲಿ ಅಂತ ಹೇಳಲ್ಲ. ಒಂದರಲ್ಲಿ ಎಂಟನೇ ವಯಸ್ಸಿಗೇ ಮದುವೆ. ಇನ್ನೊಂದರಲ್ಲಿ ಅವನ ತಾಯಿ ತೀರಿಕೊಂಡ ಎರಡು ವರ್ಷದ ಮೇಲೆ ಅವನನ್ನು ಹೆತ್ತಿದ್ದಾಳೆ. ಒಬ್ಬರು ಮಾಡಿದ ತಪ್ಪನ್ನು ಹತ್ತು ಜನ ಎತ್ತಿಕೊಂಡಿದ್ದಾರೆ, ಹತ್ತು ಕಡೆ ಇದೆಯಲ್ಲ ಅಂತ ಹನ್ನೊಂದನೆಯವರು ನಂಬಿದ್ದಾರೆ.

ಒಂದು ತಮಾಷೆ ಮಾತ್ರ ಹೇಳಲೇಬೇಕು. ಅವನ ಅಪ್ಪನಿಗೆ ಈ ಮರಗಳಲ್ಲಿ ಅದೇ ಹೆಸರಿನ ಒಬ್ಬ ತಮ್ಮ ಇದ್ದ. ಅಣ್ಣ ಹುಟ್ಟಿದ್ದು 1731ರ ಫೆಬ್ರವರಿ, ತಮ್ಮ 1732ರ ಫೆಬ್ರವರಿ, ತಾರೀಖೂ ಒಂದೇ. ನಿಜದಲ್ಲಿ ಇಬ್ಬರಿಲ್ಲ, ಇರುವವನು ಒಬ್ಬನೇ. ಬ್ರಿಟಿಷರು 1752ರಲ್ಲಿ ಕ್ಯಾಲೆಂಡರ್ ಬದಲಿಸುವವರೆಗೆ ಅವರ ಕಾಯಿದೆ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಊರ ಗುಮಾಸ್ತ 1731/32 ಅಂತ ಎರಡೂ ವರ್ಷ ಬರೆಯುತ್ತಿದ್ದ. ಯುಗಾದಿಗೆ ಸಂವತ್ಸರ ಬದಲಿಸುವ ನಮಗೆ ಇದು ಬೇಗ ತಲೆಗೆ ಹೋಗುತ್ತದೆ, ಮರ ಕಟ್ಟಿದವರಿಗೆ ಹೋಗಿರಲಿಲ್ಲ.

ಪೂರ್ತಿ ದಂಡ ಅಂತಲ್ಲ. ಒಂದು ಮರದ ಕೆಳಗೆ ಯಾರೋ ಪುಣ್ಯಾತ್ಮರು ಬಾರ್ಬರ್ ಸಂಗ್ರಹ ನೋಡಿ ಅಂತ ಬರೆದಿದ್ದರು. ಕನೆಕ್ಟಿಕಟ್‌ನ ಊರೂರಿನ ಗುಮಾಸ್ತರು ಸುಮಾರು 1850ರವರೆಗೆ ಬರೆದ ಜನನ, ಮದುವೆ, ಮರಣದ ಪುಸ್ತಕಗಳಿಗೆ ಮಾಡಿದ ಸೂಚಿ ಅದು. ಅವನ ಹುಟ್ಟು, ಅಪ್ಪನ ಹೆಸರು ಎರಡೂ ಅಲ್ಲಿ ಖಚಿತವಾಯಿತು. ಇನ್ನು ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅಂತ 1890ರಲ್ಲಿ ಹುಟ್ಟಿದ, ಆ ಯುದ್ಧಕ್ಕೆ ದುಡಿದವರ ವಂಶದ ಹೆಣ್ಣುಮಕ್ಕಳ ಸಂಸ್ಥೆ ಇದೆ, ಅವರ ಪೂರ್ವಜರ ಪಟ್ಟಿಯನ್ನು ಉಚಿತವಾಗಿ ಹುಡುಕಬಹುದು. ಆದರೆ ಶುರುವಿನ ವರ್ಷಗಳ ಸದಸ್ಯತ್ವದ ಅರ್ಜಿಗಳಲ್ಲಿ ಮನೆಯವರು ಹೇಳಿದ್ದೇ ಸಾಕ್ಷಿಯಾದದ್ದುಂಟು. ಈಗ ಅಂಥ ಹೆಸರುಗಳ ಮುಂದೆ ಹೊಸದಾಗಿ ಪುರಾವೆ ಬೇಕು ಅಂತ ಅವರೇ ಗುರುತು ಹಾಕಿದ್ದಾರೆ.

ಸೇವಾ ಕಾರ್ಡುಗಳಿಂದ ತುಂಬಾ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. 1800ರ ನವೆಂಬರ್ 8ರಂದು ವಾಷಿಂಗ್ಟನ್‌ನ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಯುದ್ಧಕಾಲದ ಕಾಗದಗಳು ಸುಟ್ಟುಹೋದವು. ಆಮೇಲೆ ಬೇರೆ ಬೇರೆ ಕಡೆಯಿಂದ ಹಾಜರಿ ಪಟ್ಟಿ, ಸಂಬಳದ ಪಟ್ಟಿ ಕೂಡಿಹಾಕಿ, 1890ರ ದಶಕದಲ್ಲಿ ಗುಮಾಸ್ತರು ಕೂತು ಪಟ್ಟಿಯ ಒಂದೊಂದು ನಮೂದನ್ನೂ ಒಂದೊಂದು ಕಾರ್ಡಿಗೆ ಇಳಿಸಿದರು. ಒಂದು ಕಾರ್ಡಿನಲ್ಲಿ ಏನಿರುತ್ತದೆ ಗೊತ್ತಾ? ಹೆಸರು, ದರ್ಜೆ, ಕ್ಯಾಪ್ಟನ್ ಯಾರು, ಯಾವ ರೆಜಿಮೆಂಟು, ಯಾವ ತಿಂಗಳು. ನಾನು ನೋಡಿದ ಒಂದರಲ್ಲೂ ವಯಸ್ಸಾಗಲಿ ಅಪ್ಪನ ಹೆಸರಾಗಲಿ ಇರಲಿಲ್ಲ. ನಮ್ಮವನ ಹೆಸರಿನವರು ಕನೆಕ್ಟಿಕಟ್ ಒಂದರಲ್ಲೇ ಮೂವರು ಸಿಕ್ಕರು, ನಮ್ಮೂರಲ್ಲಿ ಬಸಪ್ಪ ಅಂತ ಕೂಗಿದರೆ ಮೂರು ಬಾಗಿಲು ತೆರೆದ ಹಾಗೆ. ಹೆಸರಿನ ಮುಂದೆ ಜೂನಿಯರ್ ಅಂತ ಇದ್ದರೆ ಮಗನೇ ಇರಬೇಕು ಅಂತಲೂ ಇಲ್ಲ, ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಚಿಕ್ಕವನಿಗೆ ಹಾಗೆ ಬರೆಯುತ್ತಿದ್ದರು. ಹಾಗಂತ ಕಾರ್ಡು ಬೇಡ ಅನ್ನಲ್ಲ. ಮನುಷ್ಯ ಇವನೇ ಅಂತ ಬೇರೆ ಕಡೆ ಖಾತ್ರಿಯಾದ ಮೇಲೆ, ಅವನು ಹೇಳಿದ ಕ್ಯಾಪ್ಟನ್ ನಿಜವಾಗಿ ಇದ್ದನಾ ಅಂತ ತಾಳೆ ನೋಡುವುದಕ್ಕೆ ಒಳ್ಳೆಯದು.

ಈಗ ಪಿಂಚಣಿ ಫೈಲಿಗೆ ಬರೋಣ. ಇಂಥ ಫೈಲುಗಳು ಸುಮಾರು 80,000 ಉಳಿದಿವೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಆನ್‌ಲೈನ್ ಕ್ಯಾಟಲಾಗಿನಲ್ಲಿ ಪುಟಪುಟವೂ ಉಚಿತವಾಗಿ ನೋಡಬಹುದು. ಅದೇ ಪುಟಗಳು ಫೋಲ್ಡ್3 ಅನ್ನುವ ದುಡ್ಡಿನ ತಾಣದಲ್ಲೂ ಇವೆ, ಹುಡುಕುವುದು ಅಲ್ಲಿ ಸುಲಭ, ಹತ್ತಿರದ ಪಬ್ಲಿಕ್ ಲೈಬ್ರರಿಯಲ್ಲಿ ಅದಕ್ಕೆ ಪ್ರವೇಶ ಇದೆಯಾ ಅಂತ ಮೊದಲು ಕೇಳಿ. ಫೈಲಿನ ನಂಬರಿನ ಮುಂದೆ ಎಸ್ ಇದ್ದರೆ ಸೈನಿಕನೇ ಪಿಂಚಣಿ ಪಡೆದವನು, ಡಬ್ಲ್ಯೂ ಇದ್ದರೆ ಅವನ ವಿಧವೆ, ಆರ್ ಇದ್ದರೆ ಅರ್ಜಿ ತಿರಸ್ಕಾರ.

ಕಾಯಿದೆಗಳು ಒಂದರ ಹಿಂದೆ ಒಂದು ಬಂದಿವೆ, ಯಾವ ಕಾಯಿದೆಯ ಅರ್ಜಿ ಅನ್ನುವುದರ ಮೇಲೆ ಫೈಲಿನ ರುಚಿ ಬೇರೆ. 1818ರದ್ದು ಖಾಯಂ ಸೇನೆಯಲ್ಲಿ ಒಂಬತ್ತು ತಿಂಗಳಾದರೂ ಇದ್ದ ಬಡವರಿಗೆ, ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 8 ಡಾಲರ್. ಅರ್ಜಿಗಳು ಮುಗಿಬಿದ್ದವು. 1820ರಲ್ಲಿ ಸರ್ಕಾರ ಬಡತನ ಸಾಬೀತು ಮಾಡಿ ಅಂತ ಆಸ್ತಿಪಟ್ಟಿ ಕೇಳಿತು. ಯುದ್ಧದ ನೆನಪುಗಳನ್ನು ಬರೆದು ಆಮೇಲೆ ಹೆಸರಾದ ಜೋಸೆಫ್ ಪ್ಲಂಬ್ ಮಾರ್ಟಿನ್ ಅನ್ನುವ ಸೈನಿಕ ತನ್ನ ಪಟ್ಟಿಯಲ್ಲಿ ಬರೆಸಿದ್ದು ಎರಡು ಹಸು, ಆರು ಕುರಿ, ಒಂದು ಹಂದಿ. ಇಷ್ಟು ಓದಿದರೆ ಮನೆಯೊಳಗೆ ಹೊಕ್ಕು ಬಂದ ಹಾಗಾಗುತ್ತದೆ, ಅಲ್ವಾ?

ನಮ್ಮವನ ಅರ್ಜಿ 1832ರ ಕಾಯಿದೆಯದ್ದು. ಅದರಲ್ಲಿ ಆಸ್ತಿಪಟ್ಟಿ ಬೇಡ, ಮಿಲಿಷಿಯಾದವರಿಗೂ, ಅಂದರೆ ಕರೆದಾಗ ಬರುವ ಊರ ಪಡೆಯವರಿಗೂ ಅವಕಾಶ, ಆರು ತಿಂಗಳ ಸೇವೆ ಇದ್ದರೆ ಸಾಕು. ಆದರೆ ಕೋರ್ಟಿಗೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು, ನಮ್ಮ ಕಚೇರಿ ಭಾಷೆಯಲ್ಲಿ ಜಬಾನಿ. ಪ್ರಶ್ನೆಗಳನ್ನು ಯುದ್ಧ ಇಲಾಖೆಯೇ ಸಿದ್ಧಮಾಡಿ ಕಳಿಸಿತ್ತು. ಎಲ್ಲಿ ಹುಟ್ಟಿದೆ, ಯಾವ ವರ್ಷ? ವಯಸ್ಸಿಗೆ ದಾಖಲೆ ಇದೆಯಾ, ಇದ್ದರೆ ಎಲ್ಲಿದೆ? ಸೇನೆಗೆ ಕರೆದಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ಇದ್ದೆ, ಈಗೆಲ್ಲಿ? ನೀನಾಗಿ ಹೋದೆಯಾ, ಎಳೆದುಕೊಂಡು ಹೋದರಾ, ಬೇರೆಯವರ ಬದಲಿಗೆ ಹೋದೆಯಾ? ನಿನ್ನ ಮಾತಿಗೆ ಸಾಕ್ಷಿ ಹೇಳುವ ನೆರೆಹೊರೆಯವರು ಯಾರು? ಈ ಪ್ರಶ್ನೆ ಬರೆದ ಗುಮಾಸ್ತನ ಪಾದ ಮುಟ್ಟಬೇಕು ಅನಿಸಿತು. ಎರಡು ನೂರು ವರ್ಷದ ಮೇಲೆ ಒಬ್ಬ ತಲಾಟಿ ಏನೇನು ಕೇಳಬಹುದೋ ಅಷ್ಟನ್ನೂ ಕೇಳಿಟ್ಟಿದ್ದಾನೆ.

ಎಪ್ಪತ್ತೊಂದು ವರ್ಷದ ಮುದುಕ ನ್ಯೂಯಾರ್ಕಿನ ಆಟ್ಸಿಗೋ ಕೌಂಟಿಯ ಕೋರ್ಟಿನಲ್ಲಿ ನಿಂತು ಹೇಳಿದ್ದು ಇಷ್ಟು. 1777ರ ಏಪ್ರಿಲ್‌ನಲ್ಲಿ ಬ್ರಿಟಿಷರು ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಸೇನೆಯ ಉಗ್ರಾಣ ಸುಟ್ಟಾಗ ಹದಿನಾರರ ಹುಡುಗ ಊರವರ ಜೊತೆ ಓಡಿದ್ದ. ಅದೇ ವರ್ಷ ಸುಗ್ಗಿ ಮುಗಿದ ಮೇಲೆ ಅಪ್ಪನ ಬದಲಿಗೆ ಮೂರು ತಿಂಗಳು. 1779ರ ಜುಲೈನಲ್ಲಿ ಅದೇ ಕನೆಕ್ಟಿಕಟ್‌ನ ಫೇರ್‌ಫೀಲ್ಡ್, ನಾರ್ವಾಕ್ ಊರುಗಳು ಉರಿದಾಗ ಸಮುದ್ರ ತೀರದ ಕಾವಲು. ಎಲ್ಲ ಕೂಡಿಸಿದರೆ ಒಂಬತ್ತು ತಿಂಗಳು. ವರ್ಷಕ್ಕೆ 30 ಡಾಲರ್ ಮಂಜೂರಾಯಿತು, 1831ರ ಮಾರ್ಚ್ 4ರಿಂದ ಅರಿಯರ್ಸ್ ಸಮೇತ. ಡೆಲವೇರ್ ದಾಟಿದ್ದು 1776ರ ಕ್ರಿಸ್‌ಮಸ್ ರಾತ್ರಿ. ಆಗ ಇವನು ಮನೆಯಲ್ಲೇ ಇದ್ದ.

ಓದುವುದು ಸುಲಭ ಇರಲಿಲ್ಲ. ಆಗಿನ ಕೈಬರಹದಲ್ಲಿ ಜೋಡಿ ಎಸ್ ಬಂದರೆ ಮೊದಲಿನದು ಎಫ್ ಥರ ಕಾಣುತ್ತದೆ, ಕಾಂಗ್ರೆಸ್ ಅನ್ನುವುದು ಕಾಂಗ್ರೆಫ್ಸ್ ಆಗಿರುತ್ತದೆ. ಮೋಡಿ ಲಿಪಿಯ ಕಾಗದಕ್ಕೆ ಕಣ್ಣು ಕೊಟ್ಟವನು ನಾನು, ನಾಲ್ಕು ದಿನದಲ್ಲಿ ಹಿಡಿತ ಬಂತು.

ಇನ್ನು ನಾನು ಬೇಸ್ತು ಬಿದ್ದ ಕಥೆ. ಅದೇ ಹೆಸರಿನ ಇನ್ನೊಬ್ಬ ಕನೆಕ್ಟಿಕಟ್‌ನವನ ಫೈಲು ಮೊದಲು ಕೈಗೆ ಸಿಕ್ಕಿತ್ತು. ಅವನು ಖಾಯಂ ಸೇನೆ, ವಾಷಿಂಗ್ಟನ್ನನ ಸೇನೆ ಬೀಡುಬಿಟ್ಟು ಕಷ್ಟಪಟ್ಟ ವ್ಯಾಲಿ ಫೋರ್ಜ್‌ನ ಚಳಿಗಾಲ, ಎಲ್ಲ ಭರ್ಜರಿ. ಒಂದು ವಾರ ಅವನನ್ನೇ ನಮ್ಮವನು ಅಂತ ಬರೆದುಕೊಂಡು ಮಗನಿಗೂ ಓದಿ ಹೇಳಿದೆ. ಕೊನೆಯ ಪುಟದಲ್ಲಿ ಹೆಂಡತಿಯ ಹೆಸರು ಬಂತು. ಬೈಬಲ್ಲಿನ ಹೆಸರಲ್ಲ. ಮಕ್ಕಳೂ ಬೇರೆ, ಊರು ವರ್ಮಾಂಟ್. ಪಿಂಚಣಿ ಫೈಲು ಎಷ್ಟೇ ದೊಡ್ಡ ಸಾಕ್ಷಿಯಾದರೂ ಇದು ಯಾರ ಫೈಲು ಅಂತ ಹೇಳುವುದು ಮನೆಯ ಕಾಗದವೇ. ಅದಕ್ಕೇ ಬೈಬಲ್ಲಿಗೆ ನಾನು ಎರಡನೇ ಸ್ಥಾನ ಕೊಡುವುದು, ನಕಲಾದರೂ ಸರಿ.

ನಮ್ಮವನು 1836ರಲ್ಲಿ ತೀರಿಕೊಂಡ. 1838ರಲ್ಲಿ ಹೊಸ ಕಾಯಿದೆ ಬಂತು, 1794ಕ್ಕಿಂತ ಮೊದಲು ಮದುವೆಯಾದ ವಿಧವೆಯರಿಗೂ ಪಿಂಚಣಿ. ಮುದುಕಿ ಅರ್ಜಿ ಹಾಕಿದಳು. ಗಂಡ ನಡುಗುವ ಕೈಯಲ್ಲಾದರೂ ಸಹಿ ಮಾಡಿದ್ದ, ಇವಳದ್ದು ಬರೀ ಒಂದು ಗುಣಿಸು ಗುರುತು, ನಮ್ಮ ಹೆಬ್ಬೆಟ್ಟಿನ ಹಾಗೆ. ಮದುವೆಗೆ ಸಾಕ್ಷಿ ಏನು ಕೊಡಬೇಕು? ಮನೆಯ ಹಳೇ ಬೈಬಲ್ಲಿನಿಂದ ಆ ಹಾಳೆಯನ್ನೇ ಕತ್ತರಿಸಿ ಕಳಿಸಿದ್ದಾಳೆ. ಫೈಲಿನ ಹದಿನಾಲ್ಕನೇ ಪುಟದಲ್ಲಿ ಅದು ಇದೆ. ಅಂಚು ಕತ್ತರಿಯಲ್ಲಿ ಸೊಟ್ಟ ಕತ್ತರಿಸಿದ್ದು, ಶಾಯಿ ಒಂದೊಂದು ಸಾಲಿಗೆ ಒಂದೊಂದು ಬಣ್ಣ, ಮಕ್ಕಳು ಹುಟ್ಟಿದ ಹಾಗೆಲ್ಲ ಬರೆದದ್ದು. ಮದುವೆ 1785ರ ನವೆಂಬರ್. ಮೊದಲ ಮಗು 1786ರ ಏಪ್ರಿಲ್.

ಬೀಗಿತಿಯ ಬೈಬಲ್ಲಿನಲ್ಲಿ ಮಗುವಿನ ತಾರೀಖು ಇದೇ. ಮದುವೆ ಮಾತ್ರ 1784.

ಸೊಸೆ ಬಿದ್ದು ಬಿದ್ದು ನಕ್ಕಳು. ಬೀಗಿತಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಐದು ತಿಂಗಳಾ ಅಂತ ಬೆರಳು ಮಡಚಿ ಎಣಿಸಿದರು. ಡೆಲವೇರ್ ಹೋದದ್ದಕ್ಕೆ ಆದಷ್ಟು ಬೇಜಾರು ಅವರಿಗೆ ಇದಕ್ಕೆ ಆಗಲಿಲ್ಲ. ದುಡ್ಡು ಬರಬೇಕಾದ ಕಡೆ ಮುದುಕಿಗೆ ನಿಜ ಹೇಳಲೇಬೇಕಿತ್ತು, ಹಾಳೆ ಮೂಲದ್ದೇ ಬೇಕಿತ್ತು. 1846ರ ಮೇಲೆ ನಕಲು ಮಾಡಿದ ಮಗನಿಗೋ ಮಗಳಿಗೋ ಅಂಥ ಒತ್ತಾಯ ಇರಲಿಲ್ಲ, ಹಾಳೆಯಂತೂ ಆಗಲೇ ವಾಷಿಂಗ್ಟನ್ ಸೇರಿತ್ತು, ಕೇಳುವವರು ಯಾರು. ಆದರೆ ಪಿಂಚಣಿಗೆ ಹೇಳಿದ್ದೆಲ್ಲ ನಿಜ ಅಂತಲೂ ಅಲ್ಲ. ತಿಂಗಳ ಲೆಕ್ಕದಲ್ಲಿ ಅವನು ಒಂದಿಷ್ಟು ಜಾಸ್ತಿ ಹೇಳಿಕೊಂಡಿದ್ದಾನೆ ಅಂತ ನನ್ನ ಗುಮಾನಿ. ಐವತ್ತು ವರ್ಷದ ಹಿಂದಿನ ಮಾತು, ಸೇವೆ ಮಾಡಿದ ತಿಂಗಳಿಗಿಷ್ಟು ಅಂತ ದುಡ್ಡು, ನಾನಾದರೂ ಅಷ್ಟು ಮಾಡುತ್ತಿದ್ದೆ.

ಇವನಿಗೆ ಒಬ್ಬ ಅಣ್ಣ ಇದ್ದ, ಮರಗಳಲ್ಲಿದ್ದ ಸುಳ್ಳು ಚಿಕ್ಕಪ್ಪನ ಹಾಗಲ್ಲ, ಬಾರ್ಬರ್ ಸಂಗ್ರಹದಲ್ಲಿರುವ ನಿಜವಾದ ಅಣ್ಣ. ಅವನ ಫೈಲಿನ ಮುಂದೆ ಆರ್ ಅಂತ ಇದೆ. ತಿರಸ್ಕಾರವಾದದ್ದು ತೆಳ್ಳಗಿರುತ್ತದೆ ಅಂದುಕೊಂಡರೆ ತಮ್ಮನದಕ್ಕಿಂತ ಮೂರು ಪಟ್ಟು ದಪ್ಪ. ಕಚೇರಿಯಲ್ಲಿ ಕೂತವನಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಈಗ 23ನೇ ಪುಟದಲ್ಲಿದ್ದೇನೆ, ಮುದುಕ ಇನ್ನೊಬ್ಬ ಸಾಕ್ಷಿಯನ್ನು ಕರಕೊಂಡು ಮತ್ತೆ ಕೋರ್ಟಿಗೆ ಬಂದಿದ್ದಾನೆ.