ಸೀಲ್ ಮಾಡಿದ ಕರ್ತನ ಭೋಜನದ ಕಪ್: ಭಾನುವಾರಕ್ಕೆ ಬೇಡ, ಮನೆ ಭೇಟಿಗೆ ಇರಲಿ

ಯೇಸುವಿನ ನೆನಪಿಗೆ ಕ್ರೈಸ್ತರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದೇ ಕರ್ತನ ಭೋಜನ. ಅದಕ್ಕೆಂದು ಕೋವಿಡ್ ಕಾಲದಲ್ಲಿ ಸಭೆಗಳೊಳಗೆ, ಅಂದರೆ ಚರ್ಚ್‌ಗಳೊಳಗೆ, ಬಂದ ಈ ಕಪ್ ಕೋವಿಡ್ ಹೋದರೂ ಹಲವು ಕಡೆ ಹೋಗಿಲ್ಲ. ಪುಟ್ಟ ಪ್ಲಾಸ್ಟಿಕ್ ಕಪ್‌ನಲ್ಲಿ ಸುಮಾರು 6 ಮಿ.ಲೀ. ದ್ರಾಕ್ಷಿರಸ, ಅದರ ಬಾಯಿಗೆ ಫಾಯಿಲ್, ಫಾಯಿಲ್ ಮೇಲೆ ನಾಣ್ಯದಗಲದ ವೇಫರ್, ಎಲ್ಲಕ್ಕೂ ಮೇಲೆ ಪಾರದರ್ಶಕ ಹಾಳೆ. ಮದುವೆ ಊಟದಲ್ಲಿ ಎಲೆ ಪಕ್ಕ ಇಡುವ ಸೀಲ್ ನೀರಿನ ಕಪ್‌ನ ಮರಿ ಅನ್ನಿ. ಬ್ರ್ಯಾಂಡ್ ಬದಲಾದರೂ ರಚನೆ ಹೆಚ್ಚುಕಮ್ಮಿ ಇದೇ, ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ. ಐದಕ್ಕೆ ಅಂಕ ಕೊಡುವುದಾದರೆ ಭಾನುವಾರದ ಆರಾಧನೆಗೆ ಎರಡು, ಮನೆ ಮತ್ತು ಆಸ್ಪತ್ರೆ ಭೇಟಿಗೆ ನಾಲ್ಕು.

ಬಿಚ್ಚುವುದರಲ್ಲೇ ಅರ್ಧ ತೊಂದರೆ. ಎರಡು ಹಾಳೆಗಳ ತುದಿಗಳು ಒಂದರ ಮೇಲೊಂದು ಕೂತಿದ್ದರೆ ಎರಡೂ ಒಟ್ಟಿಗೆ ಎದ್ದು ಬರುತ್ತವೆ. ವೇಫರ್ ನೆಲಕ್ಕೆ, ರಸ ಬಿಳಿ ಸೀರೆಗೆ. ತುದಿಗಳು ಬೇರೆ ಬೇರೆ ದಿಕ್ಕಿಗೆ ಚಾಚಿರುವ ಕಪ್ ಇದ್ದರೆ ಅದನ್ನೇ ಆರಿಸಿ. ಕಪ್‌ನ ಹೊಟ್ಟೆ ಹಿಡಿಯಬಾರದು, ಗೋಡೆ ತೆಳುವಾದ್ದರಿಂದ ಅಮುಕಿದರೆ ರಸ ಚಿಮ್ಮುತ್ತದೆ. ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಹಾಳೆಯನ್ನು ಮೇಲಕ್ಕೆ ಕೀಳದೆ ಕಪ್‌ಗೆ ಒರಗಿಸಿಕೊಂಡೇ ಹಿಂದಕ್ಕೆ ಎಳೆಯಬೇಕು. ಕೀಲುನೋವಿನ ಅಜ್ಜಿಯರಿಗೆ ಇದು ಆಗದ ಕೆಲಸ, ಪಕ್ಕದವರೇ ಬಿಚ್ಚಿಕೊಡಬೇಕು. ಇನ್ನು, ನೂರು ಫಾಯಿಲ್ ಒಮ್ಮೆಗೇ ಚರಚರ ಎಂದಾಗ ಸಭಾಪಾಲಕರ ಪ್ರಾರ್ಥನೆ ಯಾರಿಗೂ ಕೇಳಿಸುವುದಿಲ್ಲ.

ದಾಸ್ತಾನಿನಲ್ಲಿ ಶತ್ರು ಬಿಸಿಲು. ತಗಡಿನ ಮಾಡಿನ ಸ್ಟೋರ್‌ನಲ್ಲಿ ಪೆಟ್ಟಿಗೆ ಇಟ್ಟರೆ ರಸ ಕಂದು ಬಣ್ಣಕ್ಕೆ ತಿರುಗುತ್ತದೆ. ಪೆಟ್ಟಿಗೆಯನ್ನು ಅಡ್ಡಕ್ಕೆ ಇಟ್ಟರೆ ಸಡಿಲ ಸೀಲ್‌ನಿಂದ ತೇವ ಮೇಲಕ್ಕೆ ಹತ್ತಿ ವೇಫರ್ ಮೆತ್ತಗಾಗುತ್ತದೆ. ಫಾಯಿಲ್ ಉಬ್ಬಿದ ಕಪ್ ಎಂದರೆ ಒಳಗೆ ಹುದುಗು ಹಿಡಿದಿದೆ, ಎಸೆಯಿರಿ. ವೇಫರ್ ಸಾಮಾನ್ಯವಾಗಿ ಗೋಧಿಯದೇ, ಗ್ಲುಟನ್ ಆಗದವರು ಸಭೆಯಲ್ಲಿದ್ದರೆ ಲೇಬಲ್ ನೋಡಿಯೇ ತರಬೇಕು.

ಇಷ್ಟೆಲ್ಲ ಸುಧಾರಿಸಿಕೊಳ್ಳಬಹುದು. ಸುಧಾರಿಸಲಾಗದ ದೋಷ ಬೇರೆಯದು, ಅದನ್ನು ಕಾಣಬೇಕಾದರೆ ಪ್ರಾಚೀನ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಹೋಗಬೇಕು. ಕ್ರಿ.ಶ. 50ರ ದಶಕದ ನಡುಭಾಗದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನು ಅಲ್ಲಿಯ ಸಭೆಗೆ ಬರೆದ, ಬೈಬಲ್‌ನಲ್ಲಿರುವ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಬೈಗುಳವೇ ಇದೆ: ಪ್ರತಿಯೊಬ್ಬನೂ ತನ್ನ ತನ್ನ ಊಟವನ್ನು ಮೊದಲೇ ಮುಗಿಸುತ್ತಾನೆ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ. ಆಗ ಕೂಡುತ್ತಿದ್ದುದು ಮನೆಗಳಲ್ಲಿ. ಅನುಕೂಲಸ್ಥರ ಊಟದ ಕೋಣೆಯಲ್ಲಿ ಒರಗಿ ಉಣ್ಣಲು ಒಂಬತ್ತು ಹತ್ತು ಜನಕ್ಕಷ್ಟೇ ಜಾಗ. ದುಡಿದು ತಡವಾಗಿ ಬಂದ ಆಳುಮಕ್ಕಳು ಅಂಗಳದಲ್ಲಿ ಉಳಿದಿರಬೇಕು ಎಂಬುದು ಇತಿಹಾಸಕಾರರ ಊಹೆ. ಪೌಲ ಕೊಟ್ಟ ಪರಿಹಾರ ತೀರಾ ಸರಳ: ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ. ಬಾಗಿಲಲ್ಲೇ ಕೈಗೆ ಕೊಡುವ ಸೀಲ್ ಕಪ್ ಕಾಯುವ ಆ ಅಗತ್ಯವನ್ನೇ ತೆಗೆದುಬಿಡುತ್ತದೆ. ಪ್ರತಿಯೊಬ್ಬರಿಗೂ ಅವರವರ ಊಟ, ಅದೂ ಕಾರ್ಖಾನೆಯಲ್ಲೇ ಬೇರೆಬೇರೆಯಾಗಿ ಕಟ್ಟಿದ್ದು. ರೊಟ್ಟಿ ಒಂದೇ ಆದ್ದರಿಂದ ನಾವೂ ಒಂದೇ ದೇಹ ಎಂದು ಅದೇ ಪತ್ರದ 10ನೇ ಅಧ್ಯಾಯ ಹೇಳುವುದನ್ನು ಈ ಕಪ್ ಹಿಡಿದುಕೊಂಡು ಓದುವುದು ಮುಜುಗರದ ಸಂಗತಿ.

ಸುಮಾರು 155ರಲ್ಲಿ ರೋಮಿನಿಂದ ಬರೆದ ಕ್ರೈಸ್ತ ಲೇಖಕ ಜಸ್ಟಿನ್ ಸಭೆಯ ಕ್ರಮವನ್ನು ವಿವರಿಸುತ್ತಾನೆ. ಮೊದಲು ವಾಚನ, ಅದು ಸಮಯ ಇರುವಷ್ಟು. ಆಮೇಲೆ ಸಭೆ ನಡೆಸುವವನ ಬೋಧನೆ. ಎಲ್ಲರೂ ಎದ್ದು ನಿಂತು ಪ್ರಾರ್ಥನೆ. ಅನಂತರವೇ ರೊಟ್ಟಿ, ದ್ರಾಕ್ಷಾರಸ, ನೀರನ್ನು ಮುಂದೆ ತರುವುದು. ಸ್ತುತಿ ಸಲ್ಲಿಸಿದ ಮೇಲೆ ಜನ ಆಮೆನ್ ಅನ್ನುತ್ತಾರೆ, ಎಲ್ಲರಿಗೂ ಹಂಚಿಕೆ, ಬಾರದವರಿಗೆ ಸಭಾಸೇವಕರ ಕೈಯಲ್ಲಿ ಮನೆಗೆ. ಗಮನಿಸಿ, ರೊಟ್ಟಿ ಬರುವುದು ಪ್ರಾರ್ಥನೆಯ ನಂತರ. ಸೀಲ್ ಕಪ್ ಇರುವಲ್ಲಿ ಮಕ್ಕಳು ಬೋಧನೆ ಮುಗಿಯುವವರೆಗೂ ಅದನ್ನು ಅಲುಗಾಡಿಸುತ್ತ ಕೂತಿರುತ್ತಾರೆ. ದಿದಾಖೆ ಎಂಬ ಹಳೆಯ ಸಭಾಕೈಪಿಡಿ ಇನ್ನೂ ಒಂದು ಹೆಜ್ಜೆ ಮುಂದೆ: ನೆರೆಯವನೊಡನೆ ಜಗಳ ಇರುವವನು ರಾಜಿಯಾಗುವ ತನಕ ಕೂಡಿಬರಕೂಡದು. ಸಮಯ ಉಳಿಸಲು ಕಪ್ ತಂದೆವು ಎನ್ನುವ ಹಿರಿಯರು ಉಳಿದ ಹತ್ತು ನಿಮಿಷವನ್ನು ಈ ರಾಜಿಗೆ ಕೊಟ್ಟರೆ ಮಾತು ಬೇರೆ. ಕೊಡುವುದು ಪ್ರಕಟಣೆಗಳಿಗೆ.

ಬದಲಿ ಏನು? 80 ಜನರ ಸಭೆಗೆ ಲೆಕ್ಕ ಹೀಗೆ. 250 ಗ್ರಾಂ ಗೋಧಿ ಹಿಟ್ಟು, ಸುಮಾರು 150 ಮಿ.ಲೀ. ನೀರು, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು; ನಾದಿ ಅರ್ಧ ಗಂಟೆ ಬಿಟ್ಟು ಒಂದೇ ದಪ್ಪ ರೊಟ್ಟಿಯಾಗಿ ತಟ್ಟಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ ಬಟ್ಟೆಯಲ್ಲಿ ಸುತ್ತಿಡಿ. ತಲಾ 4 ಗ್ರಾಂನಂತೆ ಮುರಿದರೆ ಸಾಕಾಗುತ್ತದೆ. ಬೇಕರಿಯ ಸಿಹಿ ಬ್ರೆಡ್ ಬೇಡ: ಪುಡಿ ಉದುರುತ್ತದೆ, ರಸದಲ್ಲಿ ಅದ್ದಿದರೆ ಕರಗಿ ಬಟ್ಟಲಲ್ಲೇ ಉಳಿಯುತ್ತದೆ. ರಸಕ್ಕೆ ಒಂದೂವರೆ ಕೆ.ಜಿ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸ್ವಲ್ಪ ನೀರು ಹಾಕಿ ಹದಿನೈದು ನಿಮಿಷ ಮಂದ ಉರಿಯಲ್ಲಿಟ್ಟು ಸೋಸಿದರೆ ಹತ್ತಿರಹತ್ತಿರ ಒಂದು ಲೀಟರ್ ಸಿಗುತ್ತದೆ. ಬೀಜ ಜಜ್ಜಬೇಡಿ, ಒಗರಾಗುತ್ತದೆ. ಸಿಪ್ಪೆಯ ಮೇಲಿನ ಯೀಸ್ಟ್ ಹಸಿ ರಸವನ್ನು ಹುದುಗಿಸುತ್ತದೆ, ಕಾಯಿಸುವುದು ಅದಕ್ಕೇ. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಹುದುಗದ ರಸ ಮಾಡಿದ್ದೂ ಹೀಗೆ ಕಾಯಿಸಿಯೇ, ಅದೂ ಕರ್ತನ ಭೋಜನಕ್ಕೆಂದೇ. ಕುದಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಶುಕ್ರವಾರ ಮಾಡಿದ್ದು ಭಾನುವಾರಕ್ಕೆ ಚೆನ್ನಾಗಿರುತ್ತದೆ. ಸೋಂಕಿನ ಅಂಜಿಕೆ ಇದ್ದರೆ, ಅದು ನ್ಯಾಯವಾದ ಅಂಜಿಕೆಯೇ, ಚಿಕ್ಕ ಸ್ಟೀಲ್ ಲೋಟಗಳಿಗೆ ತಲಾ 10 ಮಿ.ಲೀ. ಸುರಿಯಿರಿ, ಆರಾಧನೆ ಮುಗಿದ ಮೇಲೆ ಕುದಿನೀರಲ್ಲಿ ತೊಳೆಯಿರಿ. ಮದ್ಯವಿಲ್ಲದ ರಸವನ್ನು ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುವುದನ್ನು ಫ್ಲೂ ಹರಡಿರುವ ವಾರಗಳಲ್ಲಿ ಬಿಡುವುದೇ ಲೇಸು. ರೊಟ್ಟಿ ಮಾತ್ರ ಒಂದೇ ಇರಲಿ, ಎಲ್ಲರ ಕಣ್ಣೆದುರು ಮುರಿಯಲಿ.

ಹಾಗಾದರೆ ಸೀಲ್ ಕಪ್‌ಗೆ ನಾಲ್ಕು ಅಂಕ ಎಲ್ಲಿಂದ? ಜಸ್ಟಿನ್ ಹೇಳಿದ ಆ ಕೊನೆಯ ಕೆಲಸದಿಂದ. ಡಯಾಲಿಸಿಸ್ ವಾರ್ಡಿಗೆ, ಹಾಸಿಗೆ ಹಿಡಿದವರ ಮನೆಗೆ ಚೆಲ್ಲದಂತೆ ಒಯ್ಯಲು ಇದಕ್ಕಿಂತ ಅನುಕೂಲದ್ದು ಇಲ್ಲ. ಆದರೂ ವೇಫರ್ ಬದಲು ಆ ಬೆಳಗಿನ ರೊಟ್ಟಿಯದೇ ತುಣುಕನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಕಪ್‌ನಿಂದ ರಸ ಮಾತ್ರ ಕೊಡಿ. ರೋಗಿಗೆ ಸಕ್ಕರೆ ಅಥವಾ ನೀರಿನ ಮಿತಿ ಇದ್ದರೆ ಮೊದಲು ನರ್ಸ್ ಹತ್ತಿರ ಕೇಳಿ. ಜೊತೆಗೊಂದು ನೋಟ್‌ಬುಕ್ಕೂ ಇರಲಿ. ಜಸ್ಟಿನ್ ಅದೇ ಉಸಿರಿನಲ್ಲಿ ಕಾಣಿಕೆಯ ಲೆಕ್ಕ ಹೇಳುತ್ತಾನೆ: ಉಳ್ಳವರು ಮನಸ್ಸಿದ್ದಷ್ಟು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ. 251ರ ಹೊತ್ತಿಗೆ ರೋಮಿನ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಸಾಕುತ್ತಿತ್ತು ಎಂದು ಅಲ್ಲಿಯ ಬಿಷಪ್ ಕೊರ್ನೇಲಿಯುಸ್ ಬರೆದಿದ್ದಾನೆ. ಮಾತ್ರೆ ಮುಗಿದಿದೆ, ಬಾಡಿಗೆ ಕಟ್ಟಿಲ್ಲ ಎಂಬುದು ಕಪ್ ಒಯ್ದವರಿಗೇ ಮೊದಲು ಕಾಣುವುದು. ಬರೆದುಕೊಂಡು ಅದೇ ವಾರ ಖಜಾಂಚಿಗೆ ಒಪ್ಪಿಸಬೇಕು.

ಕೊಳ್ಳುವವರು 500ರ ಪೆಟ್ಟಿಗೆಯ ರಿಯಾಯಿತಿಗೆ ಮರುಳಾಗಬೇಡಿ, ಭೇಟಿಗೆ 100ರದ್ದು ಧಾರಾಳ. ಅವಧಿ ಮುಗಿಯುವ ತಾರೀಖು ಕನಿಷ್ಠ ಆರು ತಿಂಗಳು ಮುಂದಿರಲಿ, ಬಂದ ದಿನವೇ ಹತ್ತು ಕಪ್ ಬೋರಲು ಹಾಕಿ ಒಂದು ರಾತ್ರಿ ಬಿಡಿ. ಎರಡಕ್ಕಿಂತ ಹೆಚ್ಚು ಸೋರಿದರೆ ಪೆಟ್ಟಿಗೆ ವಾಪಸ್ ಕಳಿಸಿ.