ನೆಟ್ ಕೈಕೊಟ್ಟಾಗ ಯಾವುದು ಮೇಲು? ಫೈಬರ್, ಸಿಮ್ ರೂಟರ್, ಮೆಶ್, ಕೇಬಲ್ ಬಳಸಿ ನೋಡಿದ ಹೋಲಿಕೆ

ಮನೆಯ ನೆಟ್ ಸರಿ ಇಲ್ಲ ಅಂದ ತಕ್ಷಣ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಮಾತು: "ಯಾವ ಕಂಪನೀದು ಹಾಕಿಸ್ಲಿ?" ಸಾಗರ ತಾಲೂಕಿನ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವುದರಿಂದ ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇರುತ್ತದೆ. ನಾನು ಹೇಳುವುದೂ ಒಂದೇ. ಕಂಪನಿ ಆಮೇಲೆ ಬದಲಿಸಿ, ಮೊದಲು ತೊಂದರೆ ಎಲ್ಲಿದೆ ಅಂತ ನೋಡಿ. ಫೋನಿನಿಂದ ರೂಟರ್‌ವರೆಗಿನ ದಾರಿ ಬೇರೆ, ರೂಟರ್‌ನಿಂದ ಹೊರಗಿನ ದಾರಿ ಬೇರೆ. ಒಳಗಿನ ತೊಂದರೆಗೆ ಹೊರಗೆ ದುಡ್ಡು ಸುರಿದರೆ ಏನೂ ಬದಲಾಗುವುದಿಲ್ಲ.

ಇದನ್ನು ನೋಡೋಕೆ ಸ್ಪೀಡ್ ಟೆಸ್ಟ್ ಸಾಲದು. ಟೆಸ್ಟಿನಲ್ಲಿ 80 ಎಂಬಿಪಿಎಸ್ ಬರುತ್ತದೆ, ವಿಡಿಯೋ ಕಾಲ್ ಮಾತ್ರ ಕಟ್ಟಾಗುತ್ತಿರುತ್ತದೆ. ಕಾಲ್ ಕೆಡುವುದು ವೇಗ ಕಡಿಮೆಯಾಗಿ ಅಲ್ಲ, ನಡುನಡುವೆ ಡೇಟಾ ಕಳೆದುಹೋಗಿ. ಅದು ಕಾಣಬೇಕಾದರೆ ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದು ಎರಡು ಪಿಂಗ್ ಓಡಿಸಬೇಕು. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಒಂದು ನಿಮ್ಮ ರೂಟರ್‌ಗೆ, ಅಂದರೆ ಸಾಮಾನ್ಯವಾಗಿ 192.168.1.1. ಇನ್ನೊಂದು 8.8.8.8ಕ್ಕೆ, ಅದು ಗೂಗಲ್‌ನ ಸರ್ವರ್. ವಿಂಡೋಸ್‌ನಲ್ಲಾದರೆ ಕೊನೆಗೆ ಮೈನಸ್ ಟಿ ಹಾಕಿದರೆ ನಿಲ್ಲದೆ ಓಡುತ್ತದೆ. ಕಾಲ್ ಕೆಟ್ಟಾಗ ಎರಡನ್ನೂ ನೋಡಿ. ರೂಟರ್‌ನ ಪಿಂಗ್ ಎರಡು ಮೂರು ಮಿಲಿಸೆಕೆಂಡಿನಿಂದ ನೂರಾರಕ್ಕೆ ಹಾರಿದರೆ ತಪ್ಪು ಮನೆಯೊಳಗೆ. ಅದು ಸುಮ್ನೆ ಚೆನ್ನಾಗಿದ್ದು ಎರಡನೆಯದು ಮಾತ್ರ ಬಿದ್ದರೆ ತಪ್ಪು ಹೊರಗೆ. ಎರಡೂ ಚೆನ್ನಾಗಿವೆ, ವಾಟ್ಸಾಪ್ ಹೋಗುತ್ತಿದೆ, ಆದರೆ ವೆಬ್‌ಸೈಟ್ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಕೆಟ್ಟಿರುತ್ತದೆ. ಬ್ರೌಸರಿನಲ್ಲಿ ರೂಟರ್‌ನ ವಿಳಾಸ ಹೊಡೆದರೆ ತೆರೆಯುವ ರೂಟರ್ ಪುಟದಲ್ಲಿ ಡಿಎನ್‌ಎಸ್ ಅಂತ ಇರುವ ಕಡೆ 1.1.1.1 ಅಥವಾ 8.8.8.8 ಹಾಕಿ, ಮುಗಿಯಿತು. ಇದಕ್ಕೆ ಯಾರನ್ನೂ ಕರೆಯಬೇಕಿಲ್ಲ.

ಮನೆಯೊಳಗೆ: ಎಕ್ಸ್‌ಟೆಂಡರ್, ಮೆಶ್, ಕೇಬಲ್

ನಮ್ಮದು ಹಳೇ ಹೆಂಚಿನ ಮನೆ. ಗೋಡೆ ಜಂಬಿಟ್ಟಿಗೆ ಕಲ್ಲಿನದು, ಒಂದೂವರೆ ಅಡಿ ದಪ್ಪ. ರೂಟರ್ ಇರುವುದು ಜಗಲಿಯಲ್ಲಿ, ನಾನು ಕೂರುವ ಕೋಣೆ ಅಡುಗೆಮನೆ ದಾಟಿ ಹಿಂದೆ. ನಡುವೆ ಅಂಥ ಮೂರು ಗೋಡೆ. 5 ಗಿಗಾಹರ್ಟ್ಸ್ ವೈ-ಫೈ ಒಂದು ಗೋಡೆ ದಾಟುವಷ್ಟರಲ್ಲೇ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ಬರುತ್ತದೆ, ಆದರೆ ಎರಡು ಕಡ್ಡಿ.

ಮೊದಲು ತಂದದ್ದು ಎಕ್ಸ್‌ಟೆಂಡರ್. ಅಗ್ಗ, ಪ್ಲಗ್ಗಿಗೆ ಚುಚ್ಚಿದರೆ ಕೆಲಸ ಶುರು. ಕಡ್ಡಿ ಪೂರ್ತಿ ಬರುತ್ತದೆ. ಆದರೆ ಅಗ್ಗದ ಎಕ್ಸ್‌ಟೆಂಡರ್ ಕೇಳಿಸಿಕೊಂಡ ಚಾನೆಲ್ಲಿನಲ್ಲೇ ಮತ್ತೆ ಕೂಗಬೇಕು. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ, ಪಿಂಗ್ ಕುಣಿಯುತ್ತದೆ. ಯೂಟ್ಯೂಬ್ ನೋಡಲು ಸಾಕು. ಮೀಟಿಂಗಿಗೆ ನನಗೆ ಸಾಲಲಿಲ್ಲ.

ಮೆಶ್ ಅಂದರೆ ಒಂದಕ್ಕೊಂದು ಸೇರಿ ಒಂದೇ ವೈ-ಫೈ ಆಗಿ ಕೆಲಸ ಮಾಡುವ ಡಬ್ಬಿಗಳ ಗುಂಪು. ಅದು ಎಕ್ಸ್‌ಟೆಂಡರ್‌ಗಿಂತ ತುಂಬಾ ದುಬಾರಿ, ಕೆಲಸವೂ ಅಚ್ಚುಕಟ್ಟು. ಮನೆಯೆಲ್ಲ ಓಡಾಡಿದರೂ ಒಂದೇ ಹೆಸರು, ಫೋನ್ ತಾನಾಗಿ ಹತ್ತಿರದ ಡಬ್ಬಿಗೆ ಅಂಟಿಕೊಳ್ಳುತ್ತದೆ. ಶಿವಮೊಗ್ಗದ ತಮ್ಮನ ಆರ್‌ಸಿಸಿ ಮನೆಯಲ್ಲಿ ಇದು ಸೊಗಸಾಗಿ ನಡೆಯುತ್ತಿದೆ. ಅದೇ ಡಬ್ಬಿಗಳನ್ನು ಬೇಡಿ ತಂದು ನಮ್ಮ ಮನೆಯಲ್ಲಿ ಇಟ್ಟು ನೋಡಿದೆ. ಇಲ್ಲಿ ಡಬ್ಬಿ ಡಬ್ಬಿಗಳ ನಡುವೆಯೂ ಅದೇ ಜಂಬಿಟ್ಟಿಗೆ ಗೋಡೆ ಅಲ್ವಾ? ಎಕ್ಸ್‌ಟೆಂಡರ್‌ಗಿಂತ ವಾಸಿ, ಕೊಟ್ಟ ದುಡ್ಡಿಗೆ ತಕ್ಕಷ್ಟಲ್ಲ. ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಅಡಾಪ್ಟರೂ ಬರುತ್ತದೆ. ನಮ್ಮ ಹಳೇ ವೈರಿಂಗಿನಲ್ಲಿ ಅದು ನಿಲ್ಲಲೇ ಇಲ್ಲ.

ಗೆದ್ದದ್ದು ಕೇಬಲ್. ಕ್ಯಾಟ್ 6 ಲ್ಯಾನ್ ಕೇಬಲ್ ತಂದು, ಜಗಲಿಯಿಂದ ಅಟ್ಟಕ್ಕೆ ಹತ್ತಿಸಿ, ಪಕಾಸಿನ ಪಕ್ಕದಲ್ಲೇ ಎಳೆದು ಹಿಂದಿನ ಕೋಣೆಗೆ ಇಳಿಸಿದ್ದಾಯಿತು. ಹೆಂಚಿನ ಮನೆಯ ಲಾಭವೇ ಇದು, ಗೋಡೆ ಕೊರೆಯಬೇಕಿಲ್ಲ. ನೂರು ಮೀಟರ್‌ವರೆಗೆ ಈ ಕೇಬಲ್ ತಕರಾರಿಲ್ಲದೆ ನಡೆಯುತ್ತದೆ, ಅಷ್ಟು ದೊಡ್ಡ ಮನೆ ಯಾರದ್ದೂ ಇಲ್ಲ. ಇನ್ನೊಂದು ತುದಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೇ ರೂಟರ್ ಹಾಕಿದೆ. ಅದಕ್ಕೆ 192.168.1.2 ಅಂತ ವಿಳಾಸ ಕೊಟ್ಟು, ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಚುಚ್ಚಬೇಕು. ಎರಡೂ ರೂಟರ್‌ಗೆ ಒಂದೇ ವೈ-ಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಮೆಶ್‌ನ ಹತ್ತಿರ ಹತ್ತಿರದ ಸುಖ ಸಿಗುತ್ತದೆ. ಅಂದಿನಿಂದ ರೂಟರ್‌ನ ಪಿಂಗ್ ಅಲುಗಾಡಿಲ್ಲ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ಲೇಪ ಇರುತ್ತದೆ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದು ಬಾಳಿಕೆ ಬರುವುದಿಲ್ಲ, ಪೂರ್ತಿ ತಾಮ್ರದ್ದೇ ಕೇಳಿ. ಇನ್ನು, ಗಿಗಾಬಿಟ್ ಬರಬೇಕಾದ ಕಡೆ ಸರಿಯಾಗಿ 100ಕ್ಕೆ ನಿಂತರೆ ಎಂಟು ತಂತಿಯಲ್ಲಿ ಯಾವುದೋ ಒಂದು ತುದಿಯಲ್ಲಿ ಕೂತಿಲ್ಲ ಅಂತ ಲೆಕ್ಕ. ಕ್ರಿಂಪ್ ಮತ್ತೆ ಮಾಡಿಸಿ.

ಹೊರಗೆ: ಫೈಬರ್ ರಿಪೇರಿಯೋ, ಸಿಮ್ ರೂಟರೋ, ಏರ್‌ಫೈಬರೋ

ಫೈಬರ್ ಇದ್ದವರು ಗೋಡೆಯ ಮೇಲಿನ ಡಬ್ಬಿಯನ್ನು, ಅಂದರೆ ಓಎನ್‌ಟಿಯನ್ನು ಓದಲು ಕಲಿಯಬೇಕು. ಎಲ್‌ಓಎಸ್ ಅನ್ನೋ ದೀಪ ಕೆಂಪಗೆ ಮಿಣುಕಿದರೆ ಲೈನಿನಲ್ಲಿ ಬೆಳಕೇ ಬರುತ್ತಿಲ್ಲ. ಎಲ್ಲೋ ಕಡಿದಿದೆ, ಫೋನ್ ಮಾಡಿ. ಇದು ಸುಲಭದ ತೊಂದರೆ. ಕಷ್ಟದ್ದು, ದೀಪ ಹಸಿರಾಗೇ ಇದ್ದು ನೆಟ್ ಬಂದು ಹೋಗಿ ಮಾಡುವುದು. ಆಗ ರೂಟರ್ ಪುಟದಲ್ಲಿ ಆಪ್ಟಿಕಲ್ ಪವರ್ ಅಥವಾ ಆರ್‌ಎಕ್ಸ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ. ಅದು ಮೈನಸ್‌ನಲ್ಲಿ ಇರುತ್ತದೆ. ಮೈನಸ್ 15ರಿಂದ ಮೈನಸ್ 24ರ ಒಳಗೆ ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಹೋದರೆ ಡಬ್ಬಿ ತೆವಳುತ್ತಿದೆ ಅಂತ. ಪ್ರತಿ 3 ಡೆಸಿಬೆಲ್ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಮೈನಸ್ 21ರಿಂದ ಮೈನಸ್ 27ಕ್ಕೆ ಬಂದರೆ ಉಳಿದದ್ದು ಕಾಲು ಭಾಗ.

ನಮ್ಮಲ್ಲಿ ಮಳೆ ಹಿಡಿದ ಸಂಜೆಗಳಲ್ಲಿ ಮಾತ್ರ ನೆಟ್ ಬೀಳುತ್ತಿತ್ತು. ಕಂಪ್ಲೇಂಟ್ ಕೊಟ್ಟಾಗಲೆಲ್ಲ "ರೂಟರ್ ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರ. ಒಣಗಿದ ದಿನ ಎಷ್ಟು ಅಂಕಿ, ಮಳೆ ಬಂದಾಗ ಎಷ್ಟು ಅಂತ ಫೋಟೋ ತೆಗೆದು ಕಳಿಸಿದ ಮೇಲೆ ಲೈನ್‌ಮ್ಯಾನ್ ಹುಡುಗ ಮೀಟರ್ ಹಿಡಿದುಕೊಂಡೇ ಬಂದ. ಹಸಿರು ಕನೆಕ್ಟರ್ ಬಿಚ್ಚಿ ಮೀಟರ್‌ಗೆ ಚುಚ್ಚಿದ. "ಅಕ್ಕಾ, ಲೈಟ್ ಪೂರ್ತಿ ಇಳಿದಿದೆ ನೋಡಿ" ಅಂದ. ಮೈನಸ್ 28.6.

ಆಮೇಲೆ ಪೆನ್ನಿನಂಥ ಕೆಂಪು ಲೇಸರ್ ತೆಗೆದು ಒಳಗಿನ ಹಳದಿ ವೈರಿಗೆ ಬಿಟ್ಟ. ಕಪಾಟಿನ ಹಿಂದೆ ವೈರ್ ಮಡಚಿಕೊಂಡಿದ್ದ ಕಡೆ ಕೆಂಪಗೆ ಹೊಳೆಯಿತು. ಬೆಳಕು ಅಲ್ಲೇ ಸೋರುತ್ತಿತ್ತು. ಅದನ್ನು ಬಿಡಿಸಿ ಅಗಲವಾಗಿ ಸುತ್ತಿಟ್ಟ ಕೂಡಲೇ ಅಂಕಿ ಸ್ವಲ್ಪ ಏರಿತು. ಉಳಿದದ್ದು ತೋಟದ ಅಂಚಿನ ಕಂಬದಲ್ಲಿತ್ತು. ಜಾಯಿಂಟ್ ಡಬ್ಬಿ ತೆರೆದರೆ ಒಳಗೆ ನೀರು, ಮೂಲೆಯಲ್ಲಿ ಇರುವೆ ಗೂಡು. ಯಾವಾಗಲೋ ಮಂಗ ಜೋತಾಡಿ ಲೈನ್ ಹರಿದಾಗ ಅವಸರಕ್ಕೆ ಫಾಸ್ಟ್ ಕನೆಕ್ಟರ್, ಅಂದರೆ ಬೆಸೆಯದೆ ಕೈಯಲ್ಲೇ ಸಿಕ್ಕಿಸುವ ಜೋಡಣೆ, ಹಾಕಿ ಬಿಟ್ಟಿದ್ದರು. ಅದನ್ನು ಕತ್ತರಿಸಿ, ಸ್ಪ್ಲೈಸಿಂಗ್ ಮಷೀನಿನಲ್ಲಿ ಎರಡೂ ತುದಿಯ ಗಾಜನ್ನು ಕರಗಿಸಿ ಬೆಸೆದ. ಮತ್ತೆ ಮೀಟರ್ ಇಟ್ಟಾಗ ಮೈನಸ್ 20.9. ಆಮೇಲೆ ಮಳೆ ಬಂತು, ನೆಟ್ ಹೋಗಲಿಲ್ಲ. ಕಂಪನಿ ಅದೇ, ಪ್ಲಾನ್ ಅದೇ.

ಅದಕ್ಕೇ ಹೇಳುವುದು, ಮಳೆಗೆ ನೆಟ್ ಹೋಗುತ್ತದೆ ಅಂದರೆ ಕೇಳಬೇಕಾದದ್ದು ಜಾಯಿಂಟ್ ಬಗ್ಗೆ. ಗಾಜಿನ ಎಳೆಗೆ ಮಳೆ ಏನೂ ಮಾಡುವುದಿಲ್ಲ, ನೀರು ಹಿಡಿಯುವುದು ಜೋಡಿಸಿದ ಜಾಗ. "ಕನೆಕ್ಟರ್ ಬೇಡ, ಸ್ಪ್ಲೈಸ್ ಮಾಡಿ" ಅಂತ ಧೈರ್ಯವಾಗಿ ಹೇಳಿ. ಹಸಿರು ಕನೆಕ್ಟರ್ ಇದ್ದ ಕಡೆ ನೀಲಿ ಹಾಕಲು ಬಿಡಬೇಡಿ. ಹಸಿರಿನ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದು ನೇರ. ಎರಡೂ ಸರಿಯಾಗಿ ಕೂರುವುದಿಲ್ಲ, ಬೆಳಕು ಪೋಲಾಗುತ್ತದೆ.

ಸಿಮ್ ಹಾಕುವ 4ಜಿ ರೂಟರನ್ನು ಒಂದು ಮಳೆಗಾಲ ಜೊತೆಗಿಟ್ಟು ನೋಡಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿ ಕೂತದ್ದು ಎಲ್ಲರಿಗೂ ನೆನಪಿದೆ. ಮನೆಯೊಳಗೆ ಸಿಗ್ನಲ್ ಇಲ್ಲದ ಊರುಗಳು ಈಗಲೂ ಇವೆ, ಹಾಗಾಗಿ ಇದು ಎಲ್ಲರಿಗೂ ಆಗುವ ಉಪಾಯ ಅಲ್ಲ. ಆಗುವವರಿಗೆ ಎಲ್ಲಿ ಇಡುತ್ತೀರಿ ಅನ್ನುವುದೇ ಮುಖ್ಯ. ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಅಂತ ಇರುತ್ತದೆ, ಅದು ಟವರ್ ಸಿಗ್ನಲ್ಲಿನ ಬಲ. ಮೈನಸ್ ಅಂಕಿ ಸೊನ್ನೆಯ ಕಡೆಗೆ ಬಂದಷ್ಟೂ ಒಳ್ಳೆಯದು. ಜಗಲಿಯಲ್ಲಿ ಇಟ್ಟಾಗ ಮೈನಸ್ 113 ತೋರಿಸುತ್ತಿತ್ತು, ಅಟ್ಟದ ಕಿಟಕಿಯಲ್ಲಿ ಟವರ್ ಕಡೆ ಮುಖ ಮಾಡಿ ಇಟ್ಟಾಗ ಮೈನಸ್ 99. ಅಷ್ಟಕ್ಕೇ ವಿಡಿಯೋ ಕಾಲ್ ನಡೆಯಿತು. ತಗಡಿನ ಶೀಟ್ ಹೊದಿಸಿದ ಮನೆಯಾದರೆ ಹೊರಗೆ ಆಂಟೆನಾ ಬೇಕೇ ಬೇಕು, ಲೋಹ ಸಿಗ್ನಲ್ಲನ್ನು ಒಳಗೆ ಬಿಡುವುದಿಲ್ಲ.

ಇದರ ಸೋಲು ಸಂಜೆ ಕಾಣುತ್ತದೆ. ಊರಿಗೆಲ್ಲ ಒಂದೇ ಟವರ್, ಎಲ್ಲರೂ ಮನೆಗೆ ಬಂದು ಫೋನ್ ಹಿಡಿದರೆ ವೇಗ ನೆಲ ಕಚ್ಚುತ್ತದೆ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ನನ್ನ ಲೆಕ್ಕದಲ್ಲಿ ಸಿಮ್ ರೂಟರ್ ಫೈಬರ್‌ಗೆ ಬದಲಿ ಅಲ್ಲ, ಒಳ್ಳೆಯ ಮೀಸಲು. ಮೀಸಲು ಇಡುವಾಗ ಒಂದು ವಿಷಯ ಮರೆಯಬೇಡಿ: ಟವರ್‌ಗೂ ನೆಟ್ ಬರುವುದು ಬಹಳ ಕಡೆ ಫೈಬರಿನಲ್ಲೇ. ರಸ್ತೆ ಅಗಲ ಮಾಡುವ ಜೆಸಿಬಿ ಒಂದೇ ಕಡೆ ಅಗೆದರೆ ಬೇರೆ ಬೇರೆ ಕಂಪನಿಯ ಲೈನ್ ಒಟ್ಟಿಗೇ ಹೋಗಬಹುದು. ಮನೆಯ ಫೈಬರ್ ಹೋದಾಗ ಯಾವ ಸಿಮ್ ಉಳಿದುಕೊಳ್ಳುತ್ತದೆ ಅಂತ ಕೆಲವು ಸಲ ಗಮನಿಸಿ, ಆ ಸಿಮ್ಮನ್ನೇ ಮೀಸಲಿಗೆ ಇಟ್ಟುಕೊಳ್ಳಿ.

5ಜಿ ಆಧಾರದ ಏರ್‌ಫೈಬರ್ ಸೇವೆ, ಅಂದರೆ ಟವರ್‌ನಿಂದ ವೈರಿಲ್ಲದೆ ಮನೆಗೆ ಬರುವ ನೆಟ್, ನಮ್ಮ ದೇಶದಲ್ಲಿ ಶುರುವಾದದ್ದು 2023ರಲ್ಲಿ. ತಮ್ಮನ ಮನೆಯ ಟೆರೇಸಿನ ಮೇಲೆ ಡಬ್ಬಿ ಕೂತಿದೆ, ಟವರ್ ಕಣ್ಣಿಗೇ ಕಾಣುತ್ತದೆ, ನಾನು ಅಲ್ಲಿದ್ದಾಗಲೆಲ್ಲ ಮೀಟಿಂಗ್ ಸಲೀಸಾಗಿ ನಡೆದಿದೆ. ಹಾಕಿಸುವುದೂ ಸಲೀಸು, ಕಂಬದಿಂದ ಕಂಬಕ್ಕೆ ವೈರ್ ಎಳೆಯುವ ರಗಳೆ ಇಲ್ಲ. ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಅಡಿಕೆ ತೋಟದ ನಡುವೆ ಇರುವ ಮನೆಗೆ ಹೇಳುವುದಿಲ್ಲ. 5ಜಿಯ 3.5 ಗಿಗಾಹರ್ಟ್ಸ್ ಅಲೆ ಮರ ಗುಡ್ಡಗಳನ್ನು ದಾಟಿ ದೂರ ಬರುವುದಿಲ್ಲ.

ಕರೆಂಟ್ ಹೋದಾಗ: ಇನ್ವರ್ಟರ್, ಮಿನಿ ಯುಪಿಎಸ್

ಇನ್ವರ್ಟರ್ ಇದೆ, ಸಾಕು ಅಂತ ನಮ್ಮಲ್ಲಿ ಬಹಳ ಜನ ಸುಮ್ಮನಿರುತ್ತಾರೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಚಣದಲ್ಲಿ ಓಎನ್‌ಟಿ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಮತ್ತೆ ನೆಟ್ ಬರಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ಮೀಟಿಂಗಿನಿಂದ ನೀವು ಹೊರಗೆ. ಕರೆಂಟ್ ಹತ್ತು ಸಲ ಬಂದು ಹೋದರೆ ಹತ್ತು ಸಲವೂ ಇದೇ ಕಥೆ. ಕೆಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಮಿನಿ ಯುಪಿಎಸ್. ಅಂಗೈಯಗಲದ ಡಬ್ಬಿ, ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ 12 ವೋಲ್ಟ್ ನೇರ ಡಿಸಿ. ಚಣ ಹೊತ್ತೂ ತಪ್ಪುವುದಿಲ್ಲ. ರೂಟರ್ ಮಾತ್ರ ಹಚ್ಚಿದರೆ ಮೂರು ನಾಲ್ಕು ಗಂಟೆ ನಮ್ಮಲ್ಲಿ ಬಂದಿದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಓದಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಜಾಸ್ತಿಯೋ ಇರಬೇಕು. ಓಎನ್‌ಟಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು, ಒಂದು ಉಳಿದು ಪ್ರಯೋಜನ ಇಲ್ಲ.

ಆದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಇವೆರಡೂ ರಕ್ಷಣೆ ಅಲ್ಲ. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಕಂಬದಿಂದ ಮನೆಗೆ ಬರುವ ವೈರಿನ ಜೊತೆ ಭಾರ ಹೊರಲು ಸ್ಟೀಲ್ ತಂತಿ ಇರುತ್ತದೆ. ಆ ತಂತಿಯನ್ನು ಮನೆಯ ಹೊರಗೇ ಬಿಗಿದು ಕತ್ತರಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಲು ಹೇಳಿ. ಇನ್ನು ಪ್ಲಗ್ಗು, ಲ್ಯಾನ್ ಕೇಬಲ್ ಕೀಳುವುದು ಮೋಡ ಕವಿದಾಗಲೇ, ಗುಡುಗು ಕೇಳುವ ಮೊದಲೇ ಆಗಬೇಕು. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ.