ಹಾಲಿನ ಕ್ಯಾನ್, ಸೋಡಾ ಬಾಟಲಿ, ಫೋಮ್ ಕೊಳವೆ: ಕ್ಯಾಟ್‌ಫಿಶ್ ಹಿಡಿಯಲು ಯಾವ ತೇಲುಗಾಳ?

ತೇಲುಗಾಳದ, ಅಂದರೆ ಬೆಂಡಿಗೆ ಹುರಿ, ಕೊಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಡುವ ಗಾಳದ, ಮಾತೆತ್ತಿದರೆ ಎಲ್ಲರೂ ಮೊದಲು ಕೇಳುವುದು ಯಾವುದಕ್ಕೆ ಹೆಚ್ಚು ಮೀನು ಬೀಳುತ್ತದೆ ಎಂದು. ಮೂರು ಬಗೆಯ ಬೆಂಡುಗಳನ್ನು ಒಂದೇ ನೀರಿನಲ್ಲಿ, ಒಂದೇ ರಾತ್ರಿ, ಒಂದೇ ಎರೆ ಚುಚ್ಚಿ ಬಿಟ್ಟು ನೋಡಿದ ಮೇಲೆ ನನಗೆ ಆ ಪ್ರಶ್ನೆ ದೊಡ್ಡದೆನಿಸುವುದಿಲ್ಲ. ಎರೆಯೂ ಆಳವೂ ಸರಿಯಿದ್ದರೆ ಮೂರಕ್ಕೂ ಮೀನು ಬೀಳುತ್ತದೆ. ನಿಜವಾದ ವ್ಯತ್ಯಾಸ ತಿಳಿಯುವುದು ದೋಣಿಯಲ್ಲಿ ಕುಳಿತವರಿಗೆ. ಮೀನು ಕಚ್ಚಿದ್ದು ದೂರದಿಂದ ಕಾಣುತ್ತದೆಯೇ? ಬಿಟ್ಟ ಗಾಳಗಳಷ್ಟೂ ಬೆಳಗಿನೊಳಗೆ ತಿರುಗಿ ಕೈಸೇರುತ್ತವೆಯೇ? ಕಳೆದುಹೋದ ಒಂದು ಗಾಳ ಯಾರಿಗೂ ಉಪಯೋಗವಿಲ್ಲದಂತೆ ಒಂದು ಮೀನನ್ನು ಕೊಲ್ಲಬಲ್ಲದು. ಹಾಗಾಗಿ ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವೇ ನನ್ನ ಅಳತೆಗೋಲು.

ನಾವು ಹೋಗುವುದು ಹೆಚ್ಚಾಗಿ ಟೆಕ್ಸಸ್‌ನ ಟವಾಕೋನಿ ಜಲಾಶಯಕ್ಕೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಸಬೀನ್ ನದಿಗೆ 1960ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ದೋಣಿ ಭಾವನದು, ಗಾಳ ಕಟ್ಟುವ ಕೆಲಸ ನನ್ನದು. ಇಲ್ಲಿನ ಬ್ಲೂ ಕ್ಯಾಟ್‌ಫಿಶ್‌ಗೆ ದೊಡ್ಡ ಹೆಸರಿದೆ. ಜೊತೆಗೆ ಚಾನೆಲ್ ಕ್ಯಾಟ್‌ಫಿಶ್ ಕೂಡ ಸಿಗುತ್ತದೆ. ನಮ್ಮ ಹೊಳೆಗಳ ಬಾಳೆ ಮೀನನ್ನೋ ಮಲೆನಾಡಿನ ಗದ್ದೆ-ಕೆರೆಗಳ ಮುರುಗೋಡನ್ನೋ ಕಂಡವರಿಗೆ ಈ ಮೀಸೆ, ಹುರುಪೆಯಿಲ್ಲದ ಈ ನುಣುಪು ಮೈ ಹೊಸದೇನಲ್ಲ. ಗಾತ್ರ ಮಾತ್ರ ಬೇರೆ. ಟೆಕ್ಸಸ್-ಒಕ್ಲಹೋಮ ಗಡಿಯ ಟೆಕ್ಸೋಮಾ ಜಲಾಶಯದಲ್ಲಿ 2004ರಲ್ಲಿ ಸಿಕ್ಕ ಬ್ಲೂ ಕ್ಯಾಟ್‌ಫಿಶ್ 121.5 ಪೌಂಡ್, ಅಂದರೆ 55 ಕಿಲೋ ತೂಗಿತ್ತು.

ಕಟ್ಟುವ ಮೊದಲು ಕಾನೂನು ತಿಳಿದಿರಬೇಕು. ಟೆಕ್ಸಸ್‌ನಲ್ಲಿ ಒಂದು ತೇಲುಗಾಳಕ್ಕೆ ಐದಕ್ಕಿಂತ ಹೆಚ್ಚು ಕೊಕ್ಕೆ ಇರುವಂತಿಲ್ಲ. ಮನೆಬಳಕೆಗೆ ಹಿಡಿಯುವವರ ಬೆಂಡು ಕಿತ್ತಳೆ ಬಣ್ಣದ್ದಾಗಿರಬಾರದು, ಅದು ವ್ಯಾಪಾರಕ್ಕೆ ಹಿಡಿಯುವವರ ಬಣ್ಣ. ಹೆಸರು, ವಿಳಾಸ, ನೀರಿಗೆ ಬಿಟ್ಟ ದಿನಾಂಕ ಬರೆದ ಚೀಟಿ ಪ್ರತಿಯೊಂದಕ್ಕೂ ಬೇಕು. ಬೇರೆ ರಾಜ್ಯಗಳ ನಿಯಮ ಬೇರೆ.

ಮೊದಲು ಹಾಲಿನ ಕ್ಯಾನ್. ಒಂದು ಗ್ಯಾಲನ್‌ನ (ಸುಮಾರು 3.8 ಲೀಟರ್) ಖಾಲಿ ಪ್ಲಾಸ್ಟಿಕ್ ಕ್ಯಾನ್ ಇಲ್ಲಿ ಯಾರ ಮನೆಯಲ್ಲೂ ಸಿಗುತ್ತದೆ, ಹಿಡಿಗೆ ಹುರಿ ಕಟ್ಟಿದರೆ ಮುಗಿಯಿತು, ಖರ್ಚೇ ಇಲ್ಲ. ತೇಲುವ ಬಲ ಮೂರೂವರೆ ಕಿಲೋಗಿಂತ ಹೆಚ್ಚು, ಆದ್ದರಿಂದ ಎಳೆದ ಮೀನು ಬೇಗ ದಣಿಯುತ್ತದೆ. ಬಿಳಿ ಬಣ್ಣ ಹಗಲಿನಲ್ಲಿ ಬಹುದೂರಕ್ಕೆ ಕಾಣುತ್ತದೆ. ಇಷ್ಟು ಅದರ ಒಳ್ಳೆಯ ಗುಣ. ಆದರೆ ನೀರಿನ ಮೇಲೆ ಎತ್ತರವಾಗಿ ಕೂರುವುದರಿಂದ ಗಾಳಿ ಅದನ್ನು ಹಾಯಿಯಂತೆ ತಳ್ಳುತ್ತದೆ. ಸಂಜೆ ಕೊಲ್ಲಿಯೊಂದರ ಬಾಯಲ್ಲಿ ಬಿಟ್ಟದ್ದು, ಉತ್ತರದ ಗಾಳಿ ಎದ್ದರೆ, ನಡುರಾತ್ರಿಗೆ ಎದುರು ದಡದ ಮುಳುಗಿದ ಮರಗಳ ನಡುವೆ ಸೇರಿರುತ್ತದೆ. ಅದಕ್ಕಿಂತ ದೊಡ್ಡ ದೋಷವೆಂದರೆ ಅಲೆಗೂ ಮೀನಿಗೂ ಅದು ಒಂದೇ ರೀತಿ ಕುಣಿಯುತ್ತದೆ. ಕಚ್ಚಿದೆಯೋ ಇಲ್ಲವೋ ತಿಳಿಯಲು ಪ್ರತಿಯೊಂದರ ಹತ್ತಿರವೂ ದೋಣಿ ಒಯ್ಯಬೇಕು, ಎತ್ತಿ ನೋಡಬೇಕು. ಇಪ್ಪತ್ತು ಕ್ಯಾನ್ ಇಟ್ಟರೆ ದೋಣಿಯಲ್ಲಿ ಕಾಲಿಡಲು ಜಾಗ ಉಳಿಯುವುದಿಲ್ಲ, ಹುರಿಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಬಿಸಿಲಿಗೆ ಆ ತೆಳು ಪ್ಲಾಸ್ಟಿಕ್ ಒಂದೆರಡು ಬೇಸಗೆಯಲ್ಲೇ ಬಿರಿಯುತ್ತದೆ. ಬಟ್ಟೆ ಒಗೆಯುವ ದ್ರಾವಣದ ದಪ್ಪ ಕ್ಯಾನ್ ಬಾಳಿಕೆಯಲ್ಲಿ ಎಷ್ಟೋ ಮೇಲು, ಉಳಿದ ದೋಷಗಳು ಅದಕ್ಕೂ ಇವೆ.

ಅರ್ಧ ಲೀಟರಿನ ಸೋಡಾ ಬಾಟಲಿಯ ಗುಣ ಪೂರ್ತಿ ವಿರುದ್ಧ. ಹುರಿಯನ್ನು ಬಾಟಲಿಯ ಸೊಂಟಕ್ಕೇ ಸುತ್ತಿಟ್ಟು ರಬ್ಬರ್ ಬ್ಯಾಂಡ್ ಹಾಕಬಹುದು, ಒಂದು ಬಕೆಟ್‌ನಲ್ಲಿ ಹತ್ತಾರು ಹಿಡಿಯುತ್ತವೆ, ಸಿಕ್ಕು ಬೀಳುವುದಿಲ್ಲ. ಗಾಳಿಗೂ ಅಷ್ಟಾಗಿ ಓಡುವುದಿಲ್ಲ. ಆದರೆ ಅದರ ತೇಲುವ ಬಲ ಬರೀ ಅರ್ಧ ಕಿಲೋ. ನಾಲ್ಕೈದು ಕಿಲೋದ ಬ್ಲೂ ಕ್ಯಾಟ್‌ಫಿಶ್ ಕಚ್ಚಿದರೆ ಬಾಟಲಿಯನ್ನೇ ಕೆಳಗೆ ಎಳೆದುಕೊಂಡು ಹೋಗುತ್ತದೆ, ಎಲ್ಲಿ ಮೇಲೆ ಬರುತ್ತದೆಂದು ಹೇಳಲಾಗದು. ಮೋಡಕವಿದ ರಾತ್ರಿಯಲ್ಲಿ ಇದನ್ನು ಹುಡುಕುವುದು ಬೇಸರ ತರಿಸುವ ಕೆಲಸ. ಚಿಕ್ಕ ಚಾನೆಲ್ ಕ್ಯಾಟ್‌ಫಿಶ್‌ಗಳಿರುವ ಸಣ್ಣ ಕೆರೆಗೆ, ಹಗಲಿನ ಹೊತ್ತಿಗೆ, ಇದು ಸಾಕು. ದೊಡ್ಡ ಜಲಾಶಯಕ್ಕೆ ನಾನು ಇದನ್ನು ಒಯ್ಯುವುದನ್ನು ನಿಲ್ಲಿಸಿದ್ದೇನೆ.

ಈಗ ಫೋಮ್ ಕೊಳವೆ, ಈಜುಕೊಳದಲ್ಲಿ ಮಕ್ಕಳು ತೋಳಿನಡಿ ಹಿಡಿದು ತೇಲುವ ಆ ಉದ್ದನೆಯ ಬಣ್ಣದ ಕೊಳವೆ. ಅದನ್ನು ಒಂದೂವರೆ ಅಡಿಯ ತುಂಡುಗಳಾಗಿ ಕತ್ತರಿಸಿ, ನಡುವಿನ ತೂತಿನಲ್ಲಿ ಅರ್ಧ ಇಂಚಿನ ಪಿವಿಸಿ ಪೈಪ್ ತೂರಿಸಿ, ಎರಡು ತುದಿಗೂ ಮುಚ್ಚಳ ಅಂಟಿಸುತ್ತೇನೆ. ಅಂಟಿಸುವ ಮೊದಲು ಪೈಪಿನೊಳಗೆ ಒಂದು ಗೇಣುದ್ದದ ಕಬ್ಬಿಣದ ಸರಳನ್ನು ಸಡಿಲವಾಗಿ ಬಿಡುತ್ತೇನೆ. ಇದರ ಜೀವ ಇರುವುದೇ ಆ ಸರಳಿನಲ್ಲಿ. ಹುರಿ ಕಟ್ಟುವುದು ಒಂದು ತುದಿಗೆ. ಸುಮ್ಮನಿದ್ದಾಗ ಕೊಳವೆ ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ಮೀನು ಎಳೆದೊಡನೆ ಆ ತುದಿ ಬಾಗುತ್ತದೆ, ಸರಳು ಅತ್ತ ಜಾರುತ್ತದೆ, ಇನ್ನೊಂದು ತುದಿ ಎದ್ದು ನಿಲ್ಲುತ್ತದೆ. ಆಮೇಲೆ ಮೀನು ಎಳೆಯುವುದನ್ನು ಬಿಟ್ಟರೂ ಕೊಳವೆ ಮತ್ತೆ ಮಲಗುವುದಿಲ್ಲ. ಏಳುವ ತುದಿಗೆ ಹೊಳೆಯುವ ಟೇಪ್ ಸುತ್ತಿದ್ದರೆ ಟಾರ್ಚ್ ಬೆಳಕು ಬಿದ್ದಾಗ ಇನ್ನೂರು ಮೀಟರ್ ದೂರದಿಂದಲೂ ಫಳಕ್ಕನೆ ಕಾಣುತ್ತದೆ. ಎಲ್ಲ ಬೆಂಡುಗಳ ಸುತ್ತ ಸುತ್ತುವ ಬದಲು ನಿಂತದ್ದರ ಕಡೆಗೆ ನೇರ ಹೋಗಬಹುದು. ಮೀನು ಗಂಟೆಗಟ್ಟಲೆ ಒದ್ದಾಡುವುದು ತಪ್ಪುತ್ತದೆ. ಬಿಡಬೇಕಾದ ಮೀನಾದರೆ ಬದುಕಿರುವಾಗಲೇ ಬಿಡಬಹುದು. ನನ್ನ ಮತ ಇದಕ್ಕೇ ಹೋಗುವುದು ಈ ಕಾರಣಕ್ಕೆ.

ಸರಳು ಎಷ್ಟು ಭಾರವಿರಬೇಕೆಂದು ಮನೆಯ ತೊಟ್ಟಿಯಲ್ಲೇ ಪರೀಕ್ಷಿಸಿಕೊಳ್ಳಿ. ಹಗುರವಾದರೆ ಕೊಳವೆ ನಿಂತಲ್ಲೇ ನಿಲ್ಲದೆ ಮತ್ತೆ ಮಲಗುತ್ತದೆ, ಭಾರವಾದರೆ ಸಣ್ಣ ಅಲೆಗೇ ಎದ್ದು ಸುಳ್ಳು ಹೇಳುತ್ತದೆ. ತಳಕ್ಕೆ ತೂಕ ಬಿಟ್ಟು ನಿಲ್ಲಿಸುವುದಾದರೆ ಹುರಿ ನೀರಿನ ಆಳಕ್ಕಿಂತ ಸ್ವಲ್ಪ ಉದ್ದವಿರಬೇಕು. ಬಿಗಿಯಾಗಿದ್ದರೆ ಗಾಳಿಯ ಸೆಳೆತಕ್ಕೂ ಕೊಳವೆ ಎದ್ದು ನಿಲ್ಲುತ್ತದೆ. ಕೊಳವೆಗೂ ದೋಷವಿದೆ. ಫೋಮ್ ಬಿಸಿಲಿಗೆ ಪುಡಿಯಾಗಿ ನೀರಿಗೆ ಉದುರುತ್ತದೆ. ಅದಕ್ಕಾಗಿ ನಾನು ಮೇಲೆ ಬಿಳಿ ಟೇಪ್ ಬಿಗಿಯಾಗಿ ಸುತ್ತುತ್ತೇನೆ, ಗ್ಯಾರೇಜಿನ ನೆರಳಿನಲ್ಲಿ ಇಡುತ್ತೇನೆ. ಖರ್ಚೂ ಸ್ವಲ್ಪ ಹೆಚ್ಚು, ಕಟ್ಟಲು ಒಂದು ಶನಿವಾರ ಪೂರ್ತಿ ಹೋಗುತ್ತದೆ.

ಬೆಂಡನ್ನು ಗಾಳಿಗೆ ಬಿಡುವುದೋ, ಕೆಳಗೆ ತೂಕ ಕಟ್ಟಿ ಒಂದೆಡೆ ನಿಲ್ಲಿಸುವುದೋ? ಹಗಲಿನಲ್ಲಿ, ಮೆಲುಗಾಳಿಯಿದ್ದು ದೋಣಿಗಳ ಓಡಾಟವಿಲ್ಲದ ಕಡೆ, ತೇಲಲು ಬಿಡುವುದೇ ಚೆನ್ನ. ಹೊತ್ತು ಹೋದಂತೆ ಎರೆ ತಾನೇ ಬಹುದೂರ ಹುಡುಕಿಕೊಂಡು ಹೋಗುತ್ತದೆ, ಮೀನಿನ ಗುಂಪು ಎಲ್ಲಿದೆಯೆಂಬುದು ಗೊತ್ತಾಗುತ್ತದೆ. ರಾತ್ರಿ ಮಾತ್ರ ನಾನು ತೂಕ ಕಟ್ಟದೆ ಬಿಡುವುದಿಲ್ಲ. ಹುರಿಯ ತುದಿಗೆ ಅರ್ಧ ಕಿಲೋ ತೂಕ, ಅದಕ್ಕಿಂತ ಮೇಲೆ ಮೂರಡಿಗೊಂದರಂತೆ ಕೊಕ್ಕೆ ಕಟ್ಟಿದ ಮೂರು ಕವಲು, ಪ್ರತಿ ಕವಲಿಗೂ ತಿರುಗುವ ಕೊಂಡಿ. ಕ್ಯಾಟ್‌ಫಿಶ್ ಸಿಕ್ಕಿದಾಗ ಮೊಸಳೆಯಂತೆ ಸುತ್ತುತ್ತದೆ. ಕೊಂಡಿಯಿಲ್ಲದ ಹುರಿ ಹುರಿಗಟ್ಟಿ ಹಾಳಾಗುತ್ತದೆ. ಹುರಿಗೆ ಟಾರು ಬಳಿದ ನೈಲಾನ್ ಇರಲಿ. ತೆಳುವಾದ ಗಾಳದ ದಾರ ಬೇಡ, ಕೈಯಿಂದ ಎಳೆಯುವಾಗ ಬೆರಳು ಕೊಯ್ಯುತ್ತದೆ.

ಬೇಸಗೆಯಲ್ಲಿ ಆಳದ ಬಗ್ಗೆ ಎಚ್ಚರ ಬೇಕು. ಬಿಸಿಯಾದ ಮೇಲುನೀರು ಮತ್ತು ತಣ್ಣನೆಯ ತಳನೀರು ಬೆರೆಯದೆ ಪದರಗಳಾಗಿ ನಿಲ್ಲುತ್ತವೆ, ತಳದ ಪದರದಲ್ಲಿ ಆಮ್ಲಜನಕ ಬತ್ತಿರುತ್ತದೆ. ಅಲ್ಲಿಗೆ ಇಳಿಸಿದ ಎರೆ ದಂಡ. ಆಗ ಆಳವಾದ ಕಡೆ ಬಿಟ್ಟರೂ ಕೊಕ್ಕೆಗಳು ಹತ್ತು-ಹದಿನೈದು ಅಡಿಯೊಳಗೇ ಇರುವಂತೆ ನೋಡಿಕೊಳ್ಳುತ್ತೇನೆ.

ಕೊಕ್ಕೆಯ ಆಯ್ಕೆಯಲ್ಲಿ ನನಗೆ ಎರಡು ಮಾತಿಲ್ಲ. ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಕೊಕ್ಕೆಯೇ ಬೇಕು. ಗಾಳ ಎಳೆದು ಚುಚ್ಚಲು ಅಲ್ಲಿ ಯಾರೂ ಇರುವುದಿಲ್ಲ. ಮೀನು ಎರೆ ಕಚ್ಚಿ ತಿರುಗಿದಾಗ ಬೆಂಡಿನ ಎಳೆತಕ್ಕೇ ಈ ಕೊಕ್ಕೆ ಬಾಯಿಯ ಮೂಲೆಯಲ್ಲಿ ನಾಟುತ್ತದೆ. ನೇರ ಮೊನೆಯ ಕೊಕ್ಕೆಯನ್ನು ಮೀನು ನುಂಗಿಬಿಡುತ್ತದೆ, ಬಿಡಿಸುವಾಗ ಕರುಳು ಹರಿಯುತ್ತದೆ. ಸೋಡಾ ಬಾಟಲಿ ಇಲ್ಲಿಯೂ ಸೋಲುತ್ತದೆ. ಅದರ ಎಳೆತ ಕೆಲವೊಮ್ಮೆ ಕೊಕ್ಕೆ ನಾಟುವಷ್ಟು ಇರುವುದಿಲ್ಲ.

ಎರೆಗೆ ಶಾಡ್ ಎಂಬ ಬೆಳ್ಳಿ ಮೀನೇ ಮೊದಲು. ಬೆಳಗಿನ ಜಾವ ಬೀಸುಬಲೆಯಲ್ಲಿ ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ತುಂಡು ಮಾಡಿ ಚುಚ್ಚಿದರೆ ದೊಡ್ಡ ಬ್ಲೂಗಳು ಬರುತ್ತವೆ. ಬಲೆಗೆ ಶಾಡ್ ಬೀಳದ ದಿನ ಇಲ್ಲಿನ ಹಳಬರು ಬಟ್ಟೆ ಒಗೆಯುವ ಗುಲಾಬಿ ಸಾಬೂನಿನ ತುಂಡು ಚುಚ್ಚುತ್ತಾರೆ. ನಂಬುವುದು ಕಷ್ಟವೆನಿಸಿದರೂ ಅದಕ್ಕೂ ಮೀನು ಬೀಳುತ್ತದೆ, ಚಿಕ್ಕವು ಹೆಚ್ಚು. ಸಾಬೂನು ಕೊಕ್ಕೆಯಿಂದ ಬೇಗ ಬಿಡುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಕೋಳಿಯ ಈಲಿ ಎರಡು ಅಲೆ ತಡೆಯುವುದಿಲ್ಲ.

ನಿಂತ ಬೆಂಡಿನ ಬಳಿ ದೋಣಿ ಒಯ್ಯುವಾಗ ಗಾಳಿಗೆ ಎದುರಾಗಿ ಬನ್ನಿ, ಎಂಜಿನ್ ಆರಿಸಿಯೇ ಹುರಿಗೆ ಕೈ ಹಾಕಿ, ಇಲ್ಲವಾದರೆ ಹುರಿ ಪ್ರೊಪೆಲ್ಲರ್‌ಗೆ ಸುತ್ತುತ್ತದೆ. ಹುರಿಯನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಬೆನ್ನು ಮತ್ತು ಕೆನ್ನೆಪಕ್ಕದ ರೆಕ್ಕೆಗಳ ಮುಳ್ಳು ಅಂಗೈ ತೂರುವಷ್ಟು ಚೂಪು, ಆದ್ದರಿಂದ ಕೈಬಲೆಯಿಂದಲೇ ಎತ್ತಿ. ಭಾವ ಪ್ರತಿ ಬೆಂಡಿಗೂ ಸಂಖ್ಯೆ ಬರೆದು, ಬಿಟ್ಟ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಸಂಖ್ಯೆ ತಾಳೆಯಾಗುವವರೆಗೆ ನಾವು ದಡಕ್ಕೆ ಮರಳುವುದಿಲ್ಲ.

ಮನೆಗೆ ತರುವುದು ಎರಡು-ಮೂರು ಕಿಲೋದ ಮೀನುಗಳನ್ನು ಮಾತ್ರ. ಬಹಳ ದೊಡ್ಡ ಬ್ಲೂ ಕ್ಯಾಟ್‌ಫಿಶ್‌ಗೆ ಹತ್ತಾರು ವರ್ಷ ವಯಸ್ಸಾಗಿರುತ್ತದೆ, ದೊಡ್ಡವುಗಳಿಗೆ ಜಲಾಶಯದ ನಿಯಮದಲ್ಲಿ ಬೇರೆಯೇ ಮಿತಿಯೂ ಇರುತ್ತದೆ. ರುಚಿಯೂ ಚಿಕ್ಕದಕ್ಕೇ ಹೆಚ್ಚು. ಸೀಳಿದ ಮೇಲೆ ಪಕ್ಕದುದ್ದಕ್ಕೂ ಇರುವ ಕೆಂಪು ಮಾಂಸದ ಪಟ್ಟಿಯನ್ನು ಪೂರ್ತಿ ತೆಗೆಯಿರಿ, ಕೆಸರಿನ ವಾಸನೆ ಇರುವುದು ಅದರಲ್ಲೇ. ಉಳಿದದ್ದಕ್ಕೆ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದರೆ ಸಾಕು.